ಬಟ್ಟಲಿನ ತಳ ಕಾಣುವ ತನಕ

ಹೋಟೆಲಿಗೆ ಹೋದವರು ಬೋರ್ಡು ನೋಡುತ್ತಾರೆ, ಕುರ್ಚಿ ನೋಡುತ್ತಾರೆ, ಪಕ್ಕದ ಮೇಜಿನವರ ತಟ್ಟೆಯನ್ನು ಓರೆಗಣ್ಣಿನಿಂದ ನೋಡುತ್ತಾರೆ. ನಾನು ಹಿಂದಿನ ಗಲ್ಲಿಗೆ ಹೋಗಿ ಗುಂಡಿ ನೋಡುತ್ತೇನೆ.

ಪ್ರತಿ ಹೋಟೆಲಿನ ಹಿಂದೆಯೂ ಅಂಥದ್ದೊಂದು ಗುಂಡಿ ಇರುತ್ತದೆ. ಅಡುಗೆಮನೆಯ ಮುಸುರೆ ನೀರು ನೇರವಾಗಿ ಮೋರಿಗೆ ಹೋಗುವಂತಿಲ್ಲ, ಮೊದಲು ಅಲ್ಲಿ ಬಂದು ನಿಲ್ಲಬೇಕು. ನೀರು ಕೆಳಗಿನ ಕೊಳವೆಯಿಂದ ಹೊರಟುಹೋಗುತ್ತದೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ. ಆ ಕೆನೆಯನ್ನು ಉದ್ದ ಹಿಡಿಯ ಸೌಟಿನಿಂದ ಬಾಚಿ, ನೀಲಿ ಡ್ರಮ್ಮಿಗೆ ತುಂಬಿ, ಗಾಡಿಗೆ ಹೇರಿ, ಜಿಡ್ಡು ಕೊಳ್ಳುವ ಊರಾಚೆಯ ಯಾರ್ಡಿಗೆ ಮುಟ್ಟಿಸುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷದಿಂದ ಇದೇ ಮಾಡಿಕೊಂಡಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಹೊರಗೆ ಒಂದು ತುತ್ತು ತಿಂದಿಲ್ಲ.

ಯಾಕೆ ಅಂತ ಕೇಳುವವರಿಗೆ ಒಂದು ದಿನ ನನ್ನ ಜೊತೆ ಬನ್ನಿ ಅನ್ನುತ್ತೇನೆ. ಯಾರೂ ಬರುವುದಿಲ್ಲ. ಗಾಜಿನ ಬಾಗಿಲು, ಮಂದ ಬೆಳಕು, ಮೇಜಿಗೊಂದು ಹೂವು ಇಟ್ಟಿರುವ ಹೋಟೆಲಿನ ಗುಂಡಿಯೇ ಎಲ್ಲಕ್ಕಿಂತ ಹೆಚ್ಚು ನಾರುತ್ತದೆ. ಅದರಲ್ಲಿ ನನಗೆ ಸಿಗದ ವಸ್ತುವಿಲ್ಲ. ಮೂಳೆ, ಹಲ್ಲುಕಡ್ಡಿ, ಮುದ್ದೆಗಟ್ಟಿದ ಕೂದಲು, ಬೆರಳಿನ ಆಕಾರ ಇನ್ನೂ ಹಾಗೇ ಇದ್ದ ಬ್ಯಾಂಡೇಜು, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು. ಇಷ್ಟೆಲ್ಲ ಕಂಡ ಮೇಲೆ ಮೆನು ಕಾರ್ಡು ಕೈಗೆ ಕೊಟ್ಟರೆ ಅದರಲ್ಲಿ ಇನ್ನೇನು ಓದಲಿ? ನೆಂಟರ ಮದುವೆಗೂ ಡಬ್ಬಿ ಕಟ್ಟಿಕೊಂಡು ಹೋಗಿ ಬೈಸಿಕೊಂಡವನು ನಾನು. ನನ್ನಾಕೆ ಅವತ್ತು ಒಂದು ವಾರ ಮಾತು ಬಿಟ್ಟಿದ್ದಳು.

ಹಾಗಂತ ನನ್ನ ಮೈಯೇನು ಶ್ರೀಗಂಧವಲ್ಲ. ಸಂಜೆ ಮನೆಗೆ ಬಂದರೆ ನನ್ನಾಕೆ ಬಾಗಿಲಿನಿಂದಲೇ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಚ್ಚಲ ಕಡೆ ಕೈ ತೋರಿಸುತ್ತಾಳೆ. ನನ್ನ ತಂಗಿ ಮನೆಗೆ ಬಂದರೆ ಕಿಟಕಿ ಪಕ್ಕದ ಕುರ್ಚಿಯನ್ನೇ ಹುಡುಕುತ್ತಾಳೆ. ಅವರದು ತಪ್ಪು ಅನ್ನಲಾರೆ. ಆದರೆ ಮಗಳು ಮಾತ್ರ ಒಂದು ದಿನವೂ ಮೂಗು ಮುಚ್ಚಿಕೊಂಡವಳಲ್ಲ. ನಾಲ್ಕು ವರ್ಷದವಳಿದ್ದಾಗ ನಾನು ಗಾಡಿ ಇಳಿಯುವುದೇ ತಡ, ಓಡಿ ಬಂದು ಕಾಲಿಗೆ ತೆಕ್ಕೆ ಬೀಳುತ್ತಿದ್ದಳು. ನನ್ನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಏನು ತಂದಿದ್ದೀಯಾ ಅಂತ ಹುಡುಕುತ್ತಿದ್ದಳು. "ಅಪ್ಪ, ಇದೆಲ್ಲ ಏನಾಗುತ್ತೆ?" ಅಂತ ಡ್ರಮ್ಮು ತೋರಿಸಿ ಕೇಳಿದ್ದಕ್ಕೆ, ಯಾರ್ಡಿನ ಯಜಮಾನ ನನಗೆ ಹೇಳಿದ್ದನ್ನೇ ಹೇಳಿದ್ದೆ. "ಸಾಬೂನಾಗುತ್ತೆ, ಪುಟ್ಟಿ. ಅಪ್ಪ ಹೊತ್ತ ಕೊಳಕಿನಿಂದಲೇ ಊರವರೆಲ್ಲ ಮುಖ ತೊಳೀತಾರೆ." ಅದನ್ನು ಅವಳು ಇಡೀ ಶಾಲೆಗೆ ಸಾರಿಕೊಂಡು ಬಂದಿದ್ದಳು.

ಹದಿನಾಲ್ಕು ತುಂಬಿದಾಗ ಅವಳೇ ನನ್ನ ಒಂದು ಕಷ್ಟ ನೀಗಿಸಿದಳು. ಡ್ರಮ್ಮಿನ ಮುಚ್ಚಳದೊಳಗಿನ ರಬ್ಬರ್ ಸವೆದು, ಗಾಡಿ ಹಳ್ಳಕ್ಕೆ ಇಳಿದಾಗಲೆಲ್ಲ ಜಿಡ್ಡು ತುಳುಕಿ ನನ್ನ ಬೆನ್ನ ಮೇಲೆ ಸುರಿಯುತ್ತಿತ್ತು. ಅವಳು ಹರಿದ ರೇನ್‌ಕೋಟಿನ ಬಟ್ಟೆಯನ್ನು ಉಂಗುರದ ಹಾಗೆ ಕತ್ತರಿಸಿ, ಎರಡು ಪದರ ಮಾಡಿ, ಅಮ್ಮನ ಮಿಷನ್ನಿನಲ್ಲಿ ಕೆಂಪು ನೂಲಿನಿಂದ ಸುತ್ತಲೂ ಅಂಕುಡೊಂಕು ಹೊಲಿಗೆ ಹಾಕಿದಳು. ಮುಚ್ಚಳದೊಳಗೆ ಅದನ್ನು ಕೂರಿಸಿದರೆ ಹನಿ ಆಚೆ ಬರುತ್ತಿರಲಿಲ್ಲ. ತೆಗೆಯುವಾಗ ಮಾತ್ರ ಬಿಗಿ. ಅಂಗೈಯಿಂದ ಕೆಳಕ್ಕೆ ಒತ್ತಿ, ಒಂದು ಏಟು ಕೊಟ್ಟು, ಆಮೇಲೆ ತಿರುಗಿಸಬೇಕು. ಅಂದಿನಿಂದ ವರ್ಷಕ್ಕೆ ಹನ್ನೆರಡು ಉಂಗುರ ಹೊಲಿದುಕೊಡುತ್ತಾಳೆ. ನನ್ನ ಜೊತೆಯ ಬೇರೆ ಗಾಡಿಯವರು ಕೇಳಿದರೂ ನಾನು ಒಂದನ್ನೂ ಬಿಟ್ಟುಕೊಟ್ಟಿಲ್ಲ. ಯಾರ್ಡಿನಲ್ಲಿ ತುಂಬಿದ ಡ್ರಮ್ಮು ಇಳಿಸಿ ಖಾಲಿ ಡ್ರಮ್ಮು ಹೇರಿಕೊಂಡು ಬರುವಾಗ ಕೆಲವು ಉಂಗುರ ಅಲ್ಲೇ ಉಳಿದು ಕಳೆದುಹೋಗುತ್ತವೆ, ಅದಕ್ಕೇ ವರ್ಷ ವರ್ಷ ಹೊಸದು ಬೇಕು.

ಈಗ ಅವಳಿಗೆ ಇಪ್ಪತ್ತಾರು. ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ. ಅಂಗಡಿಯ ಎದುರಿಗೇ ಚೀನಾದ ಸಿಚುವಾನ್ ಕಡೆಯ ಅಡುಗೆಯ ಒಂದು ಹೋಟೆಲು. ಅಗ್ಗ ಅಂದರೆ ಅಗ್ಗ, ಒಂದು ಊಟಕ್ಕೆ ಕೊಡುವ ದುಡ್ಡಿನಲ್ಲಿ ಬೇರೆ ಕಡೆ ಬರೀ ನೀರು ಕುಡಿದು ಬರಬೇಕು. ಹಾಗಾಗಿ ಎಂಟು ತಿಂಗಳಿಂದ ಅವಳ ಮಧ್ಯಾಹ್ನದ ಊಟ ಅಲ್ಲೇ. ಅಲ್ಲಿನ ಅಡುಗೆಯವನ ಏಪ್ರನ್ನಿಗೆ ಜೇಬು ಹೊಲಿದುಕೊಟ್ಟಳಂತೆ, ಅವನು ಒಂದು ಬಟ್ಟಲು ಹೆಚ್ಚಿಗೆ ಕೊಟ್ಟನಂತೆ. ಏಪ್ರನ್ನಿಗೆ ಎಷ್ಟು ಜೇಬು ಬೇಕು? ಎರಡು ಸಾಕು. ಇವಳು ಆರು ಹೊಲಿದಿದ್ದಳು. ಅಷ್ಟು ಕೇಳಿದ ಮೇಲೆ ಮಿಕ್ಕಿದ್ದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಅಪ್ಪ, ಅವರನ್ನ ನೀನು ಮಾತಾಡಿಸೋದೂ ಬೇಡ, ಹೊಗಳೋದೂ ಬೇಡ," ಅಂದಳು ಮಗಳು. "ಅವರು ಮಾಡಿದ್ದನ್ನ ಒಂದು ಬಟ್ಟಲು ತಿನ್ನು, ತಳ ಕಾಣೋ ತನಕ. ಅದೇ ನಿನ್ನ ಒಪ್ಪಿಗೆ ಅಂದ್ಕೋತೀನಿ. ಆಗಲ್ಲ ಅನ್ನಿಸಿದ್ರೆ ಬಟ್ಟಲು ಬಿಟ್ಟು ಏಳು. ನಾನೂ ನಿನ್ನ ಜೊತೆ ಎದ್ದು ಬರ್ತೀನಿ, ಮತ್ತೆ ಆ ಮಾತು ಎತ್ತಲ್ಲ."

"ಬೇರೆ ಏನಾದ್ರೂ ಹೇಳು. ಹೋಟೆಲಲ್ಲಿ ತಿನ್ನು ಅಂತ ಮಾತ್ರ ಹೇಳಬೇಡ."

"ಅವರು ಅಡುಗೆಯವರು, ಅಪ್ಪ. ಇನ್ನೇನು ತಿಂದು ಒಪ್ಕೋತೀಯಾ?"

ನನ್ನಾಕೆ ಆಗಲೇ ಹೋಗಿ ತಿಂದು ಬಂದಿದ್ದಳು, ಅದೂ ನನಗೆ ತಿಳಿಸದೆ. "ನಾನೂ ತಿಂದೆ, ಸತ್ತಿಲ್ಲ," ಅಂದಳು. "ಸುಮ್ನೆ ಹೋಗಿ ಬಾಯಿ ತೆಗೀರಿ. ಮಾತಿಗಲ್ಲ, ಊಟಕ್ಕೆ."

ಭಾನುವಾರ ಬೆಳಿಗ್ಗೆ ಮೂರು ಸಲ ಸಾಬೂನು ಹಚ್ಚಿ ಕೈ ತೊಳೆದುಕೊಂಡೆ. ಒಗೆದ ಅಂಗಿ ಹಾಕಿಕೊಂಡೆ. ಮಧ್ಯಾಹ್ನದ ನೂಕುನುಗ್ಗಲು ಮುಗಿಯುವ ಹೊತ್ತಿಗೆ ಆ ಬೀದಿಗೆ ಹೋದೆ. ಮಗಳು ಮುಂಬಾಗಿಲಲ್ಲಿ ಕಾಯುತ್ತಿದ್ದಳು. ನಾನು ಅವಳ ಕಣ್ಣಿಗೆ ಬೀಳದೆ ಹಿಂದಿನ ಗಲ್ಲಿಗೆ ನುಸುಳಿ, ಗುಂಡಿಯ ಮುಚ್ಚಳ ಎತ್ತಿದೆ. ಆ ಬೀದಿ ನನ್ನ ಪಾಲಿಗೆ ಬರುವುದಲ್ಲ, ಬೇರೆ ಗಾಡಿಯವನದು. ಆದರೂ ಗುಂಡಿ ಎಲ್ಲಿದ್ದರೂ ಗುಂಡಿಯೇ. ನೋಡಿದರೆ ಕೆನೆ ಒಂದು ಬೆರಳು ದಪ್ಪವೂ ಇಲ್ಲ. ನನಗೆ ಅಷ್ಟು ಸಾಕಾಯಿತು.

ಯಾಕೆಂದರೆ ಈ ಸಿಚುವಾನ್ ಅಡುಗೆ ಎಂಥದ್ದೆಂದು ನನ್ನ ಸೌಟಿಗೆ ಗೊತ್ತು. ಮೀನಾದರೂ ಅಷ್ಟೇ, ಮಾಂಸವಾದರೂ ಅಷ್ಟೇ, ಕೆಂಪು ಎಣ್ಣೆಯಲ್ಲಿ ಮುಳುಗಿಸಿ ಕೊಡುತ್ತಾರೆ. ತಿನ್ನುವವರು ಚೂರುಗಳನ್ನು ಹೆಕ್ಕಿಕೊಂಡು ಎಣ್ಣೆಯನ್ನು ಬಟ್ಟಲಲ್ಲೇ ಬಿಟ್ಟು ಹೋಗುತ್ತಾರೆ. ದಿನಕ್ಕೆ ನೂರು ಬಟ್ಟಲು ಹೋಗುವ ಕಡೆ ಗುಂಡಿಯಲ್ಲಿ ಮೊಳದಷ್ಟು ಜಿಡ್ಡಿರಬೇಕು. ಇಲ್ಲಿ ಬೆರಳಷ್ಟೂ ಇಲ್ಲ. ಹಾಗಾದರೆ ಆ ಎಣ್ಣೆ ಎಲ್ಲಿಗೆ ಹೋಯಿತು? ಸೋಸಿ ಮತ್ತೆ ಬಾಣಲೆಗೆ ಹೋಯಿತು. ಹತ್ತು ಜನ ಎಂಜಲು ಮಾಡಿದ ಎಣ್ಣೆ ಹನ್ನೊಂದನೆಯವನ ಬಟ್ಟಲಿಗೆ. ಅಗ್ಗಕ್ಕೆ ಕೊಡದೆ ಇನ್ನೇನು ಮಾಡುತ್ತಾರೆ?

ನನಗೆ ಹೇಸಿಗೆಯಾಯಿತು, ನಿಜ. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಖುಷಿಯೂ ಆಯಿತು. ಬಟ್ಟಲು ಬಿಟ್ಟು ಏಳಲು ನನಗೊಂದು ಕಾರಣ ಸಿಕ್ಕಿತ್ತು.

ಒಳಗೆ ಹೋಗಿ ಕೂತೆ. ಎಂಟು ಮೇಜು, ಮೇಲೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸು. ಮೊಣಕೈ ಇಟ್ಟರೆ ಅದು ಅಂಗಿಗೆ ಅಂಟಿಕೊಂಡು, ಎತ್ತಿದರೆ ಚರ್ ಅನ್ನುತ್ತಿತ್ತು. ಎದುರಿನ ಮೇಜಿನಲ್ಲಿ ಒಬ್ಬ ದಪ್ಪನೆಯವನು ಬಟ್ಟಲಿಗೆ ಮುಖವನ್ನೇ ಇಟ್ಟಿದ್ದ. ಅವನ ಮೂಗಿನ ತುದಿಯಿಂದ ಬೆವರೋ ಸಿಂಬಳವೋ ಒಂದು ಹನಿ ಇಳಿದು, ತೂಗಾಡಿ, ಕೆಂಪು ಎಣ್ಣೆಯೊಳಗೆ ಬಿತ್ತು. ಅವನು ಗಮನಿಸಲೂ ಇಲ್ಲ, ಸೊರ್ರೆಂದು ಎಳೆದುಕೊಂಡ. ಅವನ ಹೆಂಡತಿ ಬಾಯಿಂದ ಮೀನಿನ ಮುಳ್ಳು ಹೆಕ್ಕಿ ಹಾಸಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. ಪಕ್ಕದಲ್ಲಿ ಇನ್ನೊಬ್ಬ ನಾಲಿಗೆ ಹೊರಗೆ ಹಾಕಿ ಕೈಯಿಂದ ಗಾಳಿ ಬೀಸಿಕೊಳ್ಳುತ್ತಾ, ಕಣ್ಣೀರು ಸುರಿಸುತ್ತಾ, ಇನ್ನೊಂದು ಬಟ್ಟಲು ತನ್ನಿ ಅಂತ ಕೂಗುತ್ತಿದ್ದ. ನನಗೆ ಮೈಯೆಲ್ಲ ಮುಳ್ಳೆದ್ದಿತು.

ಹೋಟೆಲಿನ ಯಜಮಾನಿ ಅಡುಗೆಯವನ ದೊಡ್ಡಮ್ಮ. ಮೂವತ್ತು ವರ್ಷದ ಹಿಂದೆ ಸಿಚುವಾನಿನಿಂದ ಬಂದವಳು. ಗಿಡ್ಡನೆಯ ಹೆಂಗಸು, ಬಾಯಿ ಜೋರು. ಅವಳೇ ಬಟ್ಟಲು ತಂದು ನನ್ನ ಮುಂದೆ ಇಟ್ಟಳು. "ಅವನು ಬೆಳಿಗ್ಗೆಯಿಂದ ಊಟ ಮಾಡಿಲ್ಲ, ನಿಮ್ಮ ಭಯಕ್ಕೆ," ಅಂದು ನಕ್ಕಳು. "ಬಿಸಿ ಇರುವಾಗ ತಿನ್ನಿ, ಅಣ್ಣ."

ಬಟ್ಟಲಲ್ಲಿ ರಕ್ತದಂಥ ಎಣ್ಣೆ. ಅದರ ಮೇಲೆ ಸುಟ್ಟು ಕಪ್ಪಾದ ಮೆಣಸಿನಕಾಯಿ, ಚಿಕ್ಕ ಚಿಕ್ಕ ಕಂದು ಕಾಳು. ಒಳಗೆಲ್ಲೋ ಬಿಳಿ ಮೀನಿನ ಚೂರುಗಳು, ನಡುವೆ ಮನುಷ್ಯನ ಕಿವಿಯ ಹಾಗೆ ಮಡಚಿಕೊಂಡ ಕರಿ ಅಣಬೆ. ನೋಡನೋಡುತ್ತಲೇ ಎಣ್ಣೆಯ ಒಂದು ಗುಳ್ಳೆ ಮೇಲೆ ಬಂದು ಒಡೆಯಿತು. ಗುಂಡಿಯಲ್ಲೂ ಗುಳ್ಳೆ ಹೀಗೇ ಒಡೆಯುತ್ತದೆ. ಬಟ್ಟಲನ್ನು ಆಚೆ ತಳ್ಳಿದೆ.

"ಏಳು, ಪುಟ್ಟಿ. ಹೋಗೋಣ."

ಮಗಳ ಮುಖ ಸಣ್ಣಗಾಯಿತು. "ರುಚಿ ನೋಡಲೇ ಇಲ್ಲ ನೀನು."

"ಎಂಜಲಿಗೆ ರುಚಿ ಬೇರೆ ನೋಡಬೇಕಾ? ಹಿಂದೆ ಗುಂಡಿ ನೋಡಿ ಬಂದಿದ್ದೀನಿ. ಜಿಡ್ಡೇ ಇಲ್ಲ. ಜನ ಬಿಟ್ಟುಹೋದ ಎಣ್ಣೇನ ಸೋಸಿ ನಿಂಗೆ ಬಡಿಸ್ತಿದ್ದಾನೆ ನಿನ್ನ ಆರು ಜೇಬಿನೋನು."

ಅವಳು ಎದ್ದಳು. ಬರುತ್ತಾಳೆ ಅಂದುಕೊಂಡೆ. ಆದರೆ ಅವಳು ಅಡುಗೆಮನೆಯ ಪರದೆ ಸರಿಸಿ ಹಿಡಿದು ನಿಂತಳು. "ಇಪ್ಪತ್ತೆರಡು ವರ್ಷ ಹಿಂದಿನಿಂದ ನೋಡಿದ್ದೀಯಾ. ಇವತ್ತೊಂದು ದಿನ ಒಳಗೆ ಹೋಗಿ ನೋಡು. ಒಂದು ತಪ್ಪು ತೋರಿಸು, ನಾನು ಬಂದುಬಿಡ್ತೀನಿ."

ನಾನು ಒಳಗೆ ಹೋದೆ. ತಪ್ಪು ಹುಡುಕಲೆಂದೇ ಹೋದೆ.

ಅಡುಗೆಯವನಿಗೆ ಮೂವತ್ತರ ಆಸುಪಾಸು. ತೆಳ್ಳಗಿದ್ದ, ಮುಂಗೈ ತುಂಬ ಎಣ್ಣೆ ಸಿಡಿದ ಕಲೆ. ನನ್ನನ್ನು ನೋಡಿ ಒಲೆ ಸಣ್ಣಗೆ ಮಾಡಿ, ಕೈ ಒರೆಸಿಕೊಂಡು ನಿಂತ. ಮಗಳು ನನ್ನ ಮಾತನ್ನು ಹಾಗೇ ಅವನಿಗೆ ಹೇಳಿದಳು, ಆರು ಜೇಬಿನ ಮಾತೊಂದನ್ನು ಬಿಟ್ಟು. ಅವನಿಗೆ ಕೋಪ ಬರಲಿಲ್ಲ. ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ ಒಂದು ಅಗಲ ಬಾಯಿಯ ಪಾತ್ರೆ ತೋರಿಸಿದ. ಮುಕ್ಕಾಲು ಪಾಲು ಕೆಂಪು ಎಣ್ಣೆ, ಅದರಲ್ಲಿ ಮುಳ್ಳು, ಕಾಗದದ ಚೂರು, ಯಾರೋ ಕಚ್ಚಿಬಿಟ್ಟ ಮೆಣಸಿನಕಾಯಿ.

"ಮೇಜಿಂದ ವಾಪಸ್ ಬಂದ ಎಣ್ಣೆ ಎಲ್ಲ ಇದಕ್ಕೇ ಸುರೀತೀನಿ, ಸಾರ್. ಬಚ್ಚಲಿಗೆ ಒಂದು ಹನಿ ಬಿಡಲ್ಲ, ಮೋರಿ ಕಟ್ಕೊಳ್ಳುತ್ತೆ. ಮಂಗಳವಾರ ನಿಮ್ಮ ಕಡೆ ಗಾಡಿಯೋರೇ ಬಂದು ತಗೊಂಡ್ಹೋಗ್ತಾರೆ. ಮತ್ತೆ ಒಲೆ ಮೇಲೆ ಇಟ್ಟಿದ್ದು ಗೊತ್ತಾದ್ರೆ ದೊಡ್ಡಮ್ಮ ನನ್ನ ಕೈ ಮುರೀತಾರೆ."

ನಾನು ಸುಮ್ಮನಾಗಲಿಲ್ಲ. ಕಪಾಟು ತೆರೆದೆ. ಮಣೆಯ ಕೆಳಗೆ ಬೆರಳಾಡಿಸಿದೆ. ಚಾಕುವಿನ ಹಿಡಿಯ ಸಂದಿ ನೋಡಿದೆ, ಕೊಳಕು ಮೊದಲು ಕೂರುವುದು ಅಲ್ಲೇ. ಒರೆಸುವ ಬಟ್ಟೆ ಮೂಸಿದೆ. ನನ್ನ ಮನೆಯ ಒರೆಸುವ ಬಟ್ಟೆಗಿಂತ ಚೊಕ್ಕಟವಾಗಿತ್ತು. ಇಷ್ಟು ವರ್ಷದಲ್ಲಿ ಇಂಥ ಅಡುಗೆಮನೆ ನಾನು ನೋಡಿರಲಿಲ್ಲ, ಯಾಕೆಂದರೆ ಯಾವ ಅಡುಗೆಮನೆಯನ್ನೂ ನಾನು ಒಳಗೆ ಹೋಗಿ ನೋಡಿದವನಲ್ಲ. ಮುಖಕ್ಕೆ ಹೊಡೆದ ಹಾಗಾಯಿತು. ತೆಪ್ಪಗೆ ಬಂದು ನನ್ನ ಕುರ್ಚಿಯಲ್ಲಿ ಕೂತು, ಬಟ್ಟಲನ್ನು ಮುಂದಕ್ಕೆ ಎಳೆದುಕೊಂಡೆ.

ಮೊದಲ ಚೂರು ಬಾಯಿಗಿಟ್ಟಾಗ ಕಣ್ಣು ಮುಚ್ಚಿಕೊಂಡಿದ್ದೆ. ಔಷಧಿಯ ಹಾಗೆ ನುಂಗಿಬಿಡೋಣ ಅಂತ. ಮೀನು ನಾಲಿಗೆಯ ಮೇಲೆ ತಾನಾಗಿಯೇ ಕರಗಿತು. ಆಮೇಲೆ ಖಾರ ಬಂತು, ಕಿವಿಯವರೆಗೆ ಹೋಯಿತು. ಅದರ ಬೆನ್ನಿಗೇ ಆ ಕಂದು ಕಾಳಿನ ಆಟ. ತುಟಿ ಜುಮ್ಮೆಂದಿತು, ನಾಲಿಗೆ ಜುಮ್ಮೆಂದಿತು, ಬಾಯಿ ನನ್ನದಲ್ಲ ಅನ್ನಿಸಿಬಿಟ್ಟಿತು. ಮೂಗು ಸೋರಲು ಶುರುವಾಯಿತು. ಎದುರಿನ ದಪ್ಪನೆಯವನು ನನ್ನನ್ನು ನೋಡಿ ನಗುತ್ತಿದ್ದ. ನನ್ನ ಮೂಗಿನಿಂದಲೂ ಒಂದು ಹನಿ ಬಿತ್ತೇನೋ, ನೋಡಲು ಪುರುಸೊತ್ತಿರಲಿಲ್ಲ. ಎಂಥ ರುಚಿ! ಇಪ್ಪತ್ತೆರಡು ವರ್ಷ ಇದನ್ನೆಲ್ಲ ಬಿಟ್ಟು ತಣ್ಣಗಿನ ಡಬ್ಬಿ ತಿಂದೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂತು. ಚೂರು ಮುಗಿಯಿತು, ಅಣಬೆ ಮುಗಿಯಿತು. ಎಲ್ಲರೂ ಬಿಡುವ ಎಣ್ಣೆಯನ್ನೂ ನಾನು ಬಿಡಲಿಲ್ಲ. ಅನ್ನ ಕಲಸಿಕೊಂಡು, ಬಟ್ಟಲು ಬಗ್ಗಿಸಿ, ಚಮಚದಿಂದ ಕೆರೆದೆ. ತಳದಲ್ಲಿ ಒಂದು ನೀಲಿ ಹೂವಿನ ಚಿತ್ರ ಕಂಡಿತು.

ಮಗಳು ಆ ನೀಲಿ ಹೂವನ್ನೇ ನೋಡುತ್ತಾ ಅಳುತ್ತಿದ್ದಳು. "ಖಾರದ ಘಾಟು ಕಣಪ್ಪ," ಅಂದಳು. ದೊಡ್ಡಮ್ಮ ಬಟ್ಟಲನ್ನು ಎತ್ತಿ ಎಲ್ಲ ಮೇಜಿನವರಿಗೂ ತೋರಿಸಿದಳು. ಅಡುಗೆಯವನು ಪರದೆಯ ಹಿಂದಿನಿಂದ ಇಣುಕಿ, "ಇನ್ನೊಂದು ಸ್ವಲ್ಪ ಹಾಕಲಾ, ಮಾವ?" ಅಂದ. ಸಾರ್ ಹೋಗಿ ಮಾವ ಬಂದಿತ್ತು. ನನಗೆ ಹಿತವಾಯಿತು. "ಹಾಕಪ್ಪ," ಅಂದೆ.

ಅವನು ಒಳಗೆ ಹೋಗಿ ಬಹಳ ಹೊತ್ತಾದರೂ ಬರಲಿಲ್ಲ. ಪಾತ್ರೆ ಬಡಿದ ಸದ್ದು, ಆಮೇಲೆ ಏದುಸಿರು. ಎದ್ದು ಹೋಗಿ ನೋಡಿದೆ. ಅಡುಗೆಮನೆಯ ಹಿಂಬಾಗಿಲ ಬಳಿ ಒಂದು ನೀಲಿ ಡ್ರಮ್ಮನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಮುಚ್ಚಳದ ಜೊತೆ ಗುದ್ದಾಡುತ್ತಿದ್ದ. ಡ್ರಮ್ಮಿನ ಮೇಲೆ ಹೊಳೆಯುವ ಹಳದಿ ಚೀಟಿ: ಶುದ್ಧ ಅಡುಗೆ ಎಣ್ಣೆ.

"ಎಣ್ಣೆ ಮುಗೀತು, ಹೊಸ ಡ್ರಮ್ಮು ತೆಗೀತಿದ್ದೆ," ಅಂದ. "ಯಾವಾಗ್ಲೂ ಒಂದೇ ಕಡೆಯಿಂದ ತರಿಸೋದು, ಆದ್ರೂ ಎಲ್ಲ ಡ್ರಮ್ಮೂ ಹೀಗಲ್ಲ, ಮಾವ. ಒಂದೊಂದು ಮಾತ್ರ ಹಟ ಹಿಡಿಯುತ್ತೆ."

"ಬಿಡಪ್ಪ, ಡ್ರಮ್ಮಿನ ಮುಚ್ಚಳದ ವಿಷಯ ನನಗೆ ಬಿಡು," ಅಂತ ಅಂಗಿಯ ತೋಳು ಮಡಚಿಕೊಂಡೆ. ಹೊಟ್ಟೆ ತುಂಬಿತ್ತು, ಮನಸ್ಸೂ ತುಂಬಿತ್ತು, ಅಳಿಯನ ಮುಂದೆ ಕೈಚಳಕ ತೋರಿಸುವ ಹುಮ್ಮಸ್ಸು. ಅಂಗೈಯಿಂದ ಕೆಳಕ್ಕೆ ಒತ್ತಿದೆ. ಒಂದು ಏಟು ಕೊಟ್ಟೆ. ತಿರುಗಿಸಿದೆ. ಮುಚ್ಚಳ ಸಲೀಸಾಗಿ ಬಂತು.

ಮುಚ್ಚಳದೊಳಗೆ ರೇನ್‌ಕೋಟಿನ ಬಟ್ಟೆಯ ಉಂಗುರವಿತ್ತು. ಎರಡು ಪದರ. ಸುತ್ತಲೂ ಕೆಂಪು ನೂಲಿನ ಅಂಕುಡೊಂಕು ಹೊಲಿಗೆ.

ನನಗೆ ತಕ್ಷಣ ಅರ್ಥವಾಗಲಿಲ್ಲ. ನನ್ನ ಡ್ರಮ್ಮು ಇಲ್ಲಿಗೆ ಹೇಗೆ ಬಂತು ಅಂತಷ್ಟೇ ಅನ್ನಿಸಿತು. ಡ್ರಮ್ಮಿನೊಳಗೆ ಬಗ್ಗಿ ನೋಡಿದೆ. ಎಣ್ಣೆ ತಿಳಿಯಾಗಿತ್ತು, ಬಂಗಾರದ ಬಣ್ಣ, ತಳ ಕಾಣುವಷ್ಟು ತಿಳಿ. ಮೂಸಿದೆ, ಏನೂ ಇಲ್ಲ; ಖಾರಕ್ಕೆ ಮೂಗು ಸೋರುತ್ತಿತ್ತು. ನಮ್ಮ ಕೆಲಸದಲ್ಲಿ ಒಂದು ಪರೀಕ್ಷೆ ಇದೆ. ಜಿಡ್ಡನ್ನು ಎಷ್ಟು ಸೋಸಿದರೂ, ಕಾಯಿಸಿದರೂ, ಪುಡಿ ಹಾಕಿ ಬಿಳುಪು ಮಾಡಿದರೂ, ಎರಡು ಅಂಗೈ ನಡುವೆ ಬಿಸಿಯಾಗುವ ತನಕ ಉಜ್ಜಿದರೆ ಅದು ತಾನು ಎಲ್ಲಿಂದ ಬಂದೆ ಅಂತ ಹೇಳಿಬಿಡುತ್ತದೆ. ಮೂಗನ್ನು ತೋಳಿಗೆ ಒರೆಸಿಕೊಂಡು, ಎರಡು ಬೆರಳು ಅದ್ದಿ, ಅಂಗೈಗೆ ಅಂಗೈ ಉಜ್ಜಿದೆ. ಉಜ್ಜುತ್ತಲೇ ಇದ್ದೆ. ಕೈ ಮೂಗಿಗೆ ಹಿಡಿದೆ.

ಗುಂಡಿ.

ಮೂಳೆ, ಕೂದಲು, ಬ್ಯಾಂಡೇಜು, ಹಲ್ಲು. ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂತು. ಯಾರ್ಡಿನಲ್ಲಿ ತಗಡಿನ ಗೋಡೆಯ ಆ ಕಡೆ ದಿನವಿಡೀ ಉರಿಯುವ ಒಲೆಗಳು ನೆನಪಾದವು. ಸಾಬೂನಿಗೆ ಇಷ್ಟು ಕಾಯಿಸಬೇಕಾ ಅಂತ ಒಮ್ಮೆ ಮನಸ್ಸಿಗೆ ಬಂದಿತ್ತು, ಕೇಳಿರಲಿಲ್ಲ. ಬೇರೆ ಬಾಗಿಲಿನಿಂದ ಬೇರೆ ಗಾಡಿಗಳು ಹೊರಡುವುದನ್ನು ನೋಡಿದ್ದೆ, ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದಕ್ಕೇ ಕೇಳಿರಲಿಲ್ಲ. ಜಗತ್ತಿನ ಹೋಟೆಲುಗಳನ್ನೆಲ್ಲ ಹೇಸಿಕೊಂಡು ಡಬ್ಬಿ ಕಟ್ಟಿಕೊಂಡು ತಿರುಗಿದವನು ನಾನು. ಆ ಹೇಸಿಗೆಯನ್ನು ಡ್ರಮ್ಮಿಗೆ ತುಂಬಿ, ಒಂದು ಹನಿಯೂ ಚೆಲ್ಲದ ಹಾಗೆ ಮುಚ್ಚಿ, ಊರಿಗೆ ಬಡಿಸಲು ಕೊಟ್ಟವನೂ ನಾನೇ.

"ಮಾವ, ಏನಾಯ್ತು? ಎಣ್ಣೆ ಕೆಟ್ಟಿದೆಯಾ?" ಅಂದ ಅಡುಗೆಯವನು.

ಉಂಗುರವನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಏನೂ ಇಲ್ಲ ಅನ್ನಲು ಬಾಯಿ ತೆರೆದೆ. ನಿಜವಾಗಿಯೂ ಹಾಗೇ ಹೇಳಿಬಿಡುವವನಿದ್ದೆ. ಮುಚ್ಚಳ ಹಾಕಿ, ಇನ್ನೊಂದು ಬಟ್ಟಲು ತಿಂದು, ನಗುತ್ತಾ ಮನೆಗೆ ಹೋಗುವವನಿದ್ದೆ. ಅಷ್ಟರಲ್ಲಿ ಮಗಳು ಬಂದಳು.

"ಏನಪ್ಪ ಅದು ಕೈಯಲ್ಲಿ?" ಮುಖದಲ್ಲಿ ಇನ್ನೂ ನಗು ಇತ್ತು. ಚಿಕ್ಕವಳಿದ್ದಾಗಿನ ಹಾಗೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ನಾನು ಬಿಗಿ ಹಿಡಿದೆ. ಎಣ್ಣೆಗೆ ಜಾರಿ ಬೆರಳು ತಾವೇ ಬಿಟ್ಟುಕೊಂಡವು.

ಅವಳು ಉಂಗುರ ನೋಡಿದಳು. ತನ್ನ ಹೊಲಿಗೆಯನ್ನು ಯಾರು ತಾನೇ ಗುರುತಿಸುವುದಿಲ್ಲ? ಅದನ್ನು ತಿರುಗಿಸಿ ನೋಡಿದಳು. ಡ್ರಮ್ಮು ನೋಡಿದಳು, ಹಳದಿ ಚೀಟಿ ನೋಡಿದಳು. ಬಾಣಲೆ ನೋಡಿದಳು.

"ಅಪ್ಪ, ಇದು ಸಾಬೂನಿಗೆ ಹೋಗುತ್ತೆ ಅಂದಿದ್ದೆ."

"ಹಾಗಂತ ಯಾರ್ಡಿನ ಯಜಮಾನ ಹೇಳಿದ್ದ, ಪುಟ್ಟಿ."

"ನೀನು ನೋಡಿದ್ಯಾ? ಒಂದು ದಿನನಾದ್ರೂ ಕೇಳಿದ್ಯಾ?"

"ಇಲ್ಲ."

ಅಡುಗೆಯವನು ನಮ್ಮಿಬ್ಬರ ಮುಖವನ್ನೂ ನೋಡಿದ. ನನ್ನ ಅಂಗೈಯನ್ನು ತಾನೇ ಎತ್ತಿ ಮೂಗಿಗೆ ಹಿಡಿದುಕೊಂಡ. ಅಡುಗೆಯವನ ಮೂಗು, ಎರಡನೇ ಸಲ ಎಳೆಯಬೇಕಾಗಲಿಲ್ಲ. ಕೈಯನ್ನು ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಟ್ಟ. ಒಲೆಗಳನ್ನು ಒಂದೊಂದಾಗಿ ಆರಿಸಿದ. ಪರದೆ ಸರಿಸಿ ಹೊರಗೆ ಹೋದ. ದಪ್ಪನೆಯವನ ಬಾಯಿಯ ಹತ್ತಿರ ಹೋಗಿದ್ದ ಚಮಚವನ್ನೇ ಹಿಡಿದುಕೊಂಡು, "ತಿನ್ನಬೇಡಿ, ದಯವಿಟ್ಟು ಇಡಿ," ಅನ್ನುವುದು ಕೇಳಿಸಿತು. ದೊಡ್ಡಮ್ಮ ತನ್ನ ಭಾಷೆಯಲ್ಲಿ ಕೂಗಿದಳು. ಕುರ್ಚಿ ಎಳೆದ ಸದ್ದು. ಅವನು ಮೇಜಿಂದ ಮೇಜಿಗೆ ಹೋಗಿ ಬಟ್ಟಲು ಎತ್ತಿಕೊಳ್ಳುತ್ತಿದ್ದ. ಅಳಿಯ ಅಂದರೆ ಹೀಗಿರಬೇಕು ಅನ್ನಿಸಿತು ನನಗೆ, ಅಂಥ ಹೊತ್ತಿನಲ್ಲೂ.

ಮಗಳು ಹಿಂಬಾಗಿಲಿನಿಂದ ಗಲ್ಲಿಗೆ ಓಡಿದಳು. ನಾನು ಎತ್ತಿ ನೋಡಿ ಅರ್ಧ ಮುಚ್ಚಿ ಬಂದಿದ್ದ ಗುಂಡಿಯ ಪಕ್ಕ ಅವಳು ಗೋಡೆ ಹಿಡಿದು ಬಗ್ಗಿ, ವಾಂತಿ ಮಾಡಿದಳು. ಎಂಟು ತಿಂಗಳ ಊಟವೆಲ್ಲ ಹೊರಗೆ ಬರಲಿ ಅನ್ನುವ ಹಾಗೆ ಮತ್ತೆ ಮತ್ತೆ ಮಾಡಿದಳು. ಏನೂ ಬರದಿದ್ದಾಗಲೂ ಹೊಟ್ಟೆ ಹಿಡಿದು ಮಾಡಿದಳು. ನನ್ನ ಹೊಟ್ಟೆಯಲ್ಲಿ ಆ ಬಟ್ಟಲು ಪೂರ್ತಿ ಹಾಗೇ ಕೂತಿತ್ತು, ಅದು ಹೊರಗೆ ಬರಲೂ ಒಲ್ಲೆ ಅನ್ನುತ್ತಿತ್ತು. ನಾಲಿಗೆ ಇನ್ನೂ ಜುಮ್ಮೆನ್ನುತ್ತಿತ್ತು.

ಚಿಕ್ಕಂದಿನಲ್ಲಿ ಜ್ವರ ಬಂದು ಅವಳು ಹೀಗೆ ವಾಂತಿ ಮಾಡಿದಾಗಲೆಲ್ಲ ಬೆನ್ನು ಸವರುತ್ತಿದ್ದವನು ನಾನೇ. ಹತ್ತಿರ ಹೋಗಿ ಬೆನ್ನ ಮೇಲೆ ಕೈಯಿಟ್ಟೆ.

ಅವಳು ಭುಜ ಕೊಡವಿ ಪಕ್ಕಕ್ಕೆ ಸರಿದಳು. ತಿರುಗಿ ನನ್ನನ್ನು ನೋಡಿದಳು. ಸೆರಗನ್ನು ಎತ್ತಿ ಮೂಗಿಗೆ ಒತ್ತಿಕೊಂಡಳು, ಥೇಟ್ ಅವರಮ್ಮನ ಹಾಗೆ.

"ಮುಟ್ಟಬೇಡಪ್ಪ," ಅಂದಳು. "ನಿನ್ನ ಕೈ ನಾರ್ತಿದೆ."